ಗೌರಮ್ಮನ ಮನೆಮುಂದಿನ ನಲವತ್ತು ಮೀಟರು

ಏಳು ಸಮುದ್ರದಾಚೆಯ ಮಾತಲ್ಲ, ಕಾಗೆ ಗುಬ್ಬಚ್ಚಿ ನೆಂಟಸ್ತಿಕೆ ಮಾಡುತ್ತಿದ್ದ ಕಾಲದ್ದೂ ಅಲ್ಲ. ಮೊನ್ನೆ ಮೊನ್ನೆ, ನಾಗಪುರವೆಂಬ ಊರಲ್ಲಿ, ಒಬ್ಬ ರಾಕ್ಷಸನಿದ್ದ. ಅವನಿಗೆ ಕಣ್ಣಿರಲಿಲ್ಲ, ಕಿವಿಯಿರಲಿಲ್ಲ. ಪಕ್ಕಕ್ಕೆ ಚಾಚಿದ ಒಂದೇ ಒಂದು ಬೆರಳಿತ್ತು. ರಸ್ತೆಯುದ್ದಕ್ಕೂ ಸರಳು ನೆಟ್ಟು ಕಟ್ಟಿದ ನೈಲಾನ್ ದಾರಕ್ಕೆ ಆ ಬೆರಳು ತಾಗಿಸಿಕೊಂಡು, ತುಂಬಿದ ಬಸುರಿಯ ಹಾಗೆ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ. ಮುಂದಿನಿಂದ ಹಸಿ ಕಾಂಕ್ರೀಟು ನುಂಗುತ್ತಿದ್ದ. ಹಿಂದಿನಿಂದ ರಸ್ತೆಯಂಚಿನ ಗಿಡ್ಡ ಕಟ್ಟೆಯಂಥ ಕರ್ಬನ್ನೂ ಅದಕ್ಕಂಟಿದ, ತಟ್ಟೆಯಂತೆ ಆಳವಿಲ್ಲದ ಗಟಾರವನ್ನೂ ಒಂದೇ ಎರಕದಲ್ಲಿ ಬಿಟ್ಟುಕೊಂಡು ಹೋಗುತ್ತಿದ್ದ. ದಾರ ನೆಟ್ಟಗಿದ್ದರೆ ಗಟಾರ ನೆಟ್ಟಗೆ, ದಾರ ಜೋತರೆ ಗಟಾರವೂ ಜೋಲುತ್ತಿತ್ತು. ಮೋಸ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ದಾರ ಹೇಳಿದ್ದನ್ನು ನಂಬುವುದಷ್ಟೇ ಗೊತ್ತಿತ್ತು.

ಆ ಯಂತ್ರರಾಕ್ಷಸನ ಹಿಂದೆ ಹಿಂದೆ ದಿನವಿಡೀ ಒಬ್ಬಳು ನಡೆಯುತ್ತಿದ್ದಳು. ಹೆಗಲ ಮೇಲೆ ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ, ಕಂಕುಳಲ್ಲಿ ರಿಜಿಸ್ಟರು, ತಲೆಗೆ ಸುತ್ತಿದ ದುಪಟ್ಟಾದ ಮೇಲೊಂದು ಹೆಲ್ಮೆಟ್ಟು. ಹೆಸರು ವೇದವತಿ, ಊರು ತಿಪಟೂರಿನ ಕಡೆ. ಬೆಂಗಳೂರಿನ ಗುತ್ತಿಗೆ ಕಂಪನಿ ಅವಳನ್ನು ಗುಣಮಟ್ಟದ ಇಂಜಿನಿಯರ್ ಅಂತ ನಾಗಪುರಕ್ಕೆ ಕಳಿಸಿ ಹದಿನಾಲ್ಕು ತಿಂಗಳಾಗಿತ್ತು. ಹಾಕಿದ ಗಟಾರದ ಮೇಲೆ ಪಟ್ಟಿ ಇಡುವುದು, ಪಟ್ಟಿಯ ಕೆಳಗಿನ ಸಂದು ಅಳೆಯುವುದು, ಆರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಪಾಸು ಅಂತ ಬರೆಯುವುದು, ಏಳುವುದು, ಮೂರು ಮೀಟರ್ ಮುಂದೆ ಹೋಗಿ ಮತ್ತೆ ಕೂರುವುದು. ಹನ್ನೊಂದು ಕಿಲೋಮೀಟರ್ ಅವಳು ಹೀಗೆ ಕೂತು ಎದ್ದಿದ್ದಳು. ಮೇ ತಿಂಗಳ ಹೊತ್ತಿಗೆ ಮಂಡಿಗಳು ಅವಳವಲ್ಲ, ಯಾರದೋ ಮುದುಕಿಯವು ಅನ್ನಿಸುತ್ತಿದ್ದವು.

ದಣಿದವರು ಮಾತು ಕೊಡಬಾರದು ಅಂತಾರೆ. ಅವಳು ಕೊಟ್ಟಿದ್ದಳು.

ಕೊಟ್ಟಿದ್ದು ಗೌರಮ್ಮನಿಗೆ. ಗೌರಮ್ಮ ಗದಗಿನ ಕಡೆಯ ಹೆಂಗಸು. ಮದ್ದುಗುಂಡು ಮಾಡುವ ಇಲ್ಲಿನ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷ ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರಾದವಳು. ಗಂಡ ಯಲ್ಲಪ್ಪ ರೈಲ್ವೆಯಲ್ಲಿದ್ದವ. ಅವರ ಮನೆಯ ಗೇಟಿನ ಮುಂದೆಯೇ ಹಳೆಯ ಗಟಾರ ಕುಸಿದು, ಮಳೆ ನೀರು ಅಲ್ಲೇ ನಿಂತು ಪಾಚಿಗಟ್ಟುತ್ತಿತ್ತು. ಹೋದ ವರ್ಷ ಶ್ರಾವಣದಲ್ಲಿ ಯಲ್ಲಪ್ಪ ಹಾಲು ತರಲು ಹೋದವನು ಆ ಪಾಚಿಯ ಮೇಲೆ ಜಾರಿ ಸೊಂಟದ ಎಲುಬು ಮುರಿದುಕೊಂಡ. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ದಿನಾ ನೂರು ಹೆಜ್ಜೆ ನಡೆಯಬೇಕು ಅಂತ ಡಾಕ್ಟರು ಹೇಳಿದರೂ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತವನು ಹೊರಗೆ ಕಾಲಿಟ್ಟಿರಲಿಲ್ಲ. ನೀರು ನಿಲ್ಲುವ ಜಾಗ ದಾಟಲಾರೆ ಅಂದುಬಿಟ್ಟಿದ್ದ.

ಏಪ್ರಿಲ್‌ನಲ್ಲಿ ಹಳೆಯ ಗಟಾರ ಅಗೆಯುವಾಗ ಗೌರಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಬಂದಿದ್ದಳು. ಹೊರಗೆಲ್ಲಾ ಹಿಂದಿ ಮರಾಠಿ ಕೇಳಿ ಕೇಳಿ ಬೇಸತ್ತ ಇಬ್ಬರಿಗೂ ಕನ್ನಡ ಸಿಕ್ಕಿದ್ದೇ ತಂಪಾಗಿತ್ತು.

"ತಂಗಿ, ಮಳಿ ಬರೂದ್ರಾಗ ಇಲ್ಲಿ ನೀರ ನಿಲ್ಲಧಂಗ ಮಾಡಿ ಕೊಡ್ತೀಯೇನು?"

"ಕೊಡ್ತೀನಮ್ಮಾ."

"ಹಂಗ ಬಾಯಿಗೆ ಬಂದಂಗ ಹೇಳಬ್ಯಾಡ. ನಮ್ಮ ಮನ್ಯಾವರು ಒಳಗ ಕುಂತು ಕೇಳಾಕತ್ಯಾರ. ನೀ ಹೇಳಿದ್ದು ಅವರ ಕಾಲಿಗೆ ಹೇಳಿಧಂಗ."

"ಖಂಡಿತ ಮಾಡಿಕೊಡ್ತೀನಿ" ಅಂದಳು ವೇದವತಿ. ಮಜ್ಜಿಗೆಯಲ್ಲಿ ಹಸಿಶುಂಠಿ ಇತ್ತು, ಕರಿಬೇವಿತ್ತು. ಅದರ ಮುಂದೆ ಯಾರು ಬೇಕಾದರೂ ಏನು ಬೇಕಾದರೂ ಒಪ್ಪಿಕೊಳ್ಳುತ್ತಿದ್ದರು.

ಮೇ ಮೂರನೇ ವಾರದಲ್ಲಿ ಯಂತ್ರ ಗೌರಮ್ಮನ ಓಣಿಗೆ ಬಂತು, ಗಟಾರ ಹಾಕಿತು, ಹೋಯಿತು. ವೇದವತಿ ಪಟ್ಟಿ ಇಟ್ಟು ನೋಡಿದಳು. ಎರಡು ಮಿಲಿಮೀಟರು, ಒಂದೂವರೆ, ಎರಡು. ಚೆಂದದ ಅಂಕಿಗಳು. ಎಲ್ಲದರ ಮುಂದೆಯೂ ಪಾಸು ಅಂತ ಬರೆದು, ಸಹಿ ಮಾಡಿ, ರೂಮಿಗೆ ಹೋಗಿ ಸ್ನಾನ ಕೂಡಾ ಮಾಡದೆ ಮಲಗಿದಳು.

ನಾಲ್ಕನೇ ದಿನ ಗೌರಮ್ಮನ ಫೋನು ಬಂತು.

"ಏನವ್ವಾ ವೇದವತಿ, ಜಲ್ದಿ ಬಾ ಇಲ್ಲಿ. ಇದೇನು ಗಟಾರ ಮಾಡೀರೋ, ಎಮ್ಮಿ ನೀರ ಕುಡ್ಯಾಕ ಬಾನಿ ಮಾಡೀರೋ?"

ಹೋಗಿ ನೋಡಿದರೆ ಗೌರಮ್ಮ ಅಂಗಳ ತೊಳೆದ ನೀರು ಗೇಟಿನ ಮುಂದೆ ಹಾಸಿಕೊಂಡು ಮಲಗಿತ್ತು. ಐದು ಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಆಳ. ಅದರಲ್ಲಿ ಬೇವಿನೆಲೆಯೊಂದು ಎಲ್ಲಿಗೂ ಹೋಗದೆ ತೇಲುತ್ತಿತ್ತು. ಗೇಟಿನೊಳಗೆ ಯಲ್ಲಪ್ಪ ಕುರ್ಚಿಯಲ್ಲಿ ಕೂತು, ನೋಡಿಯೂ ನೋಡದವನ ಹಾಗೆ ಮುಖ ತಿರುವಿದ್ದ.

ವೇದವತಿ ಕೂತು ಪಟ್ಟಿ ಇಟ್ಟಳು. ಎರಡು ಮಿಲಿಮೀಟರು. ಜರುಗಿಸಿ ಇಟ್ಟಳು. ಒಂದೂವರೆ.

"ಪಾಸಾಗಿದೆಯಲ್ಲಮ್ಮಾ" ಅಂದಳು. ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು.

ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿನ್ನ ಪಟ್ಟಿಗೆ ಪಾಸಾಗೇತಿ. ನೀರಿಗೆ ಪಾಸಾಗೇತೇನು? ಇಪ್ಪತ್ತೆಂಟು ವರ್ಷ ಗೇಜ್ ಹಿಡದು ನಿಂತಾಕಿ ನಾನು. ಗೇಜಿಗೆ ನಾವು ಏನು ಕೇಳ್ತೀವಿ, ಅದು ಅಷ್ಟಕ್ಕಽ ಜವಾಬು ಕೊಡ್ತತಿ. ಕೇಳದೇ ಇದ್ದದ್ದು ಹೇಳೂದಿಲ್ಲ ಅದು. ಬರೋಬರ್ ಐತೋ ಇಲ್ಲೋ?"

ಗೌರಮ್ಮನ ಮಾತು ಬರೋಬರ್ ಇತ್ತು. ಅದೇ ತೊಂದರೆ.

ಸಂಜೆ ಬಿಸಿಲು ಇಳಿದ ಮೇಲೆ ವೇದವತಿ ಲೆವೆಲ್ ಉಪಕರಣ ನಿಲ್ಲಿಸಿ, ಅರ್ಧರ್ಧ ಮೀಟರಿಗೆ ಗಟಾರದ ಎತ್ತರ ತೆಗೆದುಕೊಂಡಳು. ಅಂಕಿಗಳನ್ನು ಕಾಗದದ ಮೇಲೆ ಚುಕ್ಕಿಯಿಟ್ಟು ಸೇರಿಸಿದಾಗ ಬಟ್ಟೆ ಒಣಹಾಕುವ ಹಗ್ಗದಂತೆ ಗೆರೆ ಬಂತು. ಎಂಟೆಂಟು ಮೀಟರಿಗೆ ಒಂದು ಜೋಲು. ನಡುವೆ ಹದಿನೈದು ಮಿಲಿಮೀಟರ್ ತಗ್ಗು. ದಾರಕ್ಕೆ ಆಸರೆಯ ಸರಳು ನೆಡುತ್ತಿದ್ದುದೂ ಎಂಟು ಮೀಟರಿಗೊಂದೇ. ಎಂಟು ಮೀಟರಿನ ಜೋಲಿಯನ್ನು ಮೂರು ಮೀಟರಿನ ಪಟ್ಟಿ ಕಾಣುವುದು ಹೇಗೆ? ಆನೆಯ ಬೆನ್ನಿನ ಮೇಲೆ ಕೂತ ಇರುವೆಗೆ ಬೆನ್ನು ಸಮತಟ್ಟೇ. ಓಣಿಯ ಮೇಲ್ಗಡೆ ಇಳಿಜಾರು ಜಾಸ್ತಿ, ಅಲ್ಲಿ ಜೋತಿದ್ದರೂ ನೀರು ಹೇಗೋ ಹರಿದುಹೋಗುತ್ತಿತ್ತು. ಗೌರಮ್ಮನ ಮನೆಮುಂದಿನ ನಲವತ್ತು ಮೀಟರಿನಲ್ಲಿ ಮಾತ್ರ ಇಳಿಜಾರು ತೀರಾ ಕಡಿಮೆ, ತಪ್ಪೆಲ್ಲ ಬಂದು ಅಲ್ಲೇ ಕೂತಿತ್ತು.

ಅಂದರೆ ದಾರ ಸಡಿಲಾಗಿತ್ತು. ಅವಳು ಅದನ್ನು ಬೆಳಿಗ್ಗೆ ಆರಕ್ಕೆ ಪರೀಕ್ಷಿಸಿ ಸಹಿ ಮಾಡಿದ್ದಳು. ಆಗ ಅದು ವೀಣೆಯ ತಂತಿಯ ಹಾಗೆ ಬಿಗಿಯಾಗಿತ್ತು, ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

ದಾರ ಕಟ್ಟುವವನು ಹೊನ್ನಪ್ಪ. ಗುಳೇದಗುಡ್ಡದ ನೇಕಾರರ ಮನೆಯವನು, ಐವತ್ತು ದಾಟಿತ್ತು. ಮಗ್ಗದ ಸದ್ದು ಕೇಳದಿದ್ದರೆ ನಿದ್ದೆ ಬರದು ಅಂತ ಅಷ್ಟು ದೂರದ ಕಾಮಠಿಯಲ್ಲಿ, ಕೈಮಗ್ಗದವರ ಓಣಿಯಲ್ಲೇ ರೂಮು ಮಾಡಿಕೊಂಡಿದ್ದ. ದಾರವನ್ನು ಬೆರಳಲ್ಲಿ ಮೀಟಿ, ಕಿವಿಗೊಟ್ಟು, ಎಷ್ಟು ಬಿಗಿಯಿದೆ ಅಂತ ಹೇಳಬಲ್ಲವನು. ಮರುದಿನ ಮುಂಜಾನೆ ಅವನು ಸರಳು ಎಣಿಸುತ್ತಿದ್ದಾಗ ವೇದವತಿ ಹೋಗಿ ಎದುರು ಕೂತಳು.

"ಹೊನ್ನಪ್ಪಣ್ಣ, ಗೌರಮ್ಮನ ಓಣಿಯಲ್ಲಿ ದಾರ ಜೋತಿತ್ತು."

ಹೊನ್ನಪ್ಪ ಎಣಿಸುವುದನ್ನು ನಿಲ್ಲಿಸಿದ. "ಹೂಂ ರೀ ಮೇಡಂ. ಜೋತಿತ್ತು."

"ಗೊತ್ತಿತ್ತಾ ನಿಮಗೆ?"

"ಅವತ್ತು ಕಾಂಕ್ರೀಟ್ ಲಾರಿ ತಡಾ ಆತಲ್ರಿ, ಕಾಮಠಿ ರೋಡಿನ್ಯಾಗ ಮೆರವಣಗಿ ಇತ್ತಂತ. ಯಂತ್ರ ಚಾಲೂ ಆಗೂದ್ರಾಗ ಮಧ್ಯಾಹ್ನ ಹನ್ನೆರಡೂವರಿ. ನಲವತ್ತೈದು ಡಿಗ್ರಿ ಬಿಸಲು. ನೈಲಾನ್ ಅಂದ್ರ ಹತ್ತಿ ಅಲ್ರೀ, ಕಾದ್ರ ಹಿಗ್ಗತೈತಿ. ಮೀಟಿ ನೋಡಿದ್ನಿ, ಸಪ್ಪಳಽ ಇಲ್ಲ."

"ಬಿಗಿ ಮಾಡಬಹುದಿತ್ತಲ್ಲ?"

"ಹೆಂಗ ಮಾಡ್ಲಿರೀ? ಸಹಿ ಆದ ದಾರ ಯಾರೂ ಮುಟ್ಟಂಗಿಲ್ಲ ಅಂತ ನೀವಽ ಬೋರ್ಡು ಹಾಕೀರಿ. ಮೂರು ಭಾಷಾದಾಗ."

ಹಾಕಿದ್ದಳು. ಯಾರೋ ಒದ್ದೆ ಟವೆಲು ದಾರದ ಮೇಲೆ ಒಣಗಹಾಕಿದ ದಿನ ಸಿಟ್ಟಿನಲ್ಲಿ ಬರೆಸಿದ ಬೋರ್ಡು ಅದು.

"ನನ್ನ ಹತ್ರ ಬಂದು ಹೇಳಬೇಕಾಗಿತ್ತು."

ಹೊನ್ನಪ್ಪ ಕೈಯಲ್ಲಿದ್ದ ಸರಳು ಕೆಳಗಿಟ್ಟ. "ಬಂದಿದ್ನಿರೀ. ನೀವು ಜೀಪಿನ್ಯಾಗ ಮಲಗಿದ್ರಿ, ಬಾಯಿ ತಕ್ಕೊಂಡು, ಸಣ್ಣ ಕೂಸಿನ ಗತೆ. ಮೂರು ದಿನದಿಂದ ನಿಮ್ಮ ಕಣ್ಣು ಕೆಂಪಗಿದ್ವು. ನನಗೂ ಒಬ್ಬ ಮಗಳದಾಳ್ರಿ. ಮಲಗಿದ ಮಗಳನ್ನ ಎಬ್ಬಿಸಿ ದಾರ ಸಡ್ಲ ಆಗೈತಿ ಅಂತ ಹೆಂಗ ಹೇಳೂದು? ಹತ್ತು ನಿಮಿಷ ನಿಂತ್ನಿ. ಆಮ್ಯಾಲ ಹೋಗಲಿ ಬಿಡು ಅಂತ ಬಂದ್ನಿ."

ವೇದವತಿ ಎದುರಿನಿಂದ ಎದ್ದು ಅವನ ಪಕ್ಕಕ್ಕೆ ಬಂದು ಕೂತಳು. ಬೈಯೋಣವೆಂದರೆ ಬೈಗುಳ ಬರಲಿಲ್ಲ, ಅಳೋಣವೆಂದರೆ ಅದಕ್ಕೂ ತ್ರಾಣ ಬೇಕಲ್ಲ. ಆ ಇಪ್ಪತ್ತು ನಿಮಿಷದ ನಿದ್ದೆಯೂ ಅವಳಿಗೆ ನೆನಪಿತ್ತು. ಹದಿನಾಲ್ಕು ತಿಂಗಳಲ್ಲಿ ಅಷ್ಟು ಸಿಹಿಯಾದ ನಿದ್ದೆ ಬಂದಿರಲಿಲ್ಲ.

ಸೈಟಿನ ಯಜಮಾನ ಬೋಪಣ್ಣ. ಮಡಿಕೇರಿಯವನು, ದಪ್ಪ ಮೀಸೆ, ಯಂತ್ರವೂ ಲಾರಿಯೂ ಅವನ ಕೈಯಲ್ಲಿ. ವೇದವತಿಯ ಗೆರೆಯ ಕಾಗದವನ್ನು ಅವನು ಉಲ್ಟಾ ಹಿಡಿದು ನೋಡಿದ, ಆಮೇಲೆ ನೇರ ಹಿಡಿದು ನೋಡಿದ.

"ನಾನು ಕೊಡಗಿನವನು ಮಾರಾಯ್ತಿ. ಮಳೆ ಅಂದ್ರೇನು ಅಂತ ನನಗೆ ಹೇಳಬೇಡ. ಐದು ಮಿಲಿಮೀಟರ್ ನೀರು! ನನ್ನ ಚಹಾ ಲೋಟದ ತಳದಲ್ಲಿ ಅದಕ್ಕಿಂತ ಜಾಸ್ತಿ ಉಳಿಯುತ್ತೆ."

"ಲೋಟದ ಮೇಲೆ ಯಾರೂ ಜಾರಿ ಬೀಳಲ್ಲ ಸಾರ್."

"ಪಟ್ಟಿಗೆ ಪಾಸಾಗಿದೆ. ನಿನ್ನದೇ ಸಹಿ. ಇನ್ನೇನು ಬೇಕು?"

ವೇದವತಿ ಎಣ್ಣೆ ಹಿಡಿದ ಮಾನದಂಡದ ಪುಸ್ತಕ ತೆಗೆದು, ಹಿಂದಿನ ರಾತ್ರಿ ಮಡಚಿಟ್ಟ ಪುಟ ತೋರಿಸಿದಳು. ಅಳತೆಯ ಕೋಷ್ಟಕ ಮುಗಿದ ಮೇಲೆ, ಯಾರೂ ಓದದ ಜಾಗದಲ್ಲಿ, ಒಂದೇ ಸಾಲು: ಮೇಲಿನ ಅಳತೆಗಳೆಲ್ಲ ಸರಿಯಿದ್ದರೂ ಗಟಾರದಲ್ಲಿ ಎಲ್ಲಿಯೂ ನೀರು ನಿಲ್ಲತಕ್ಕದ್ದಲ್ಲ.

ಬೋಪಣ್ಣ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದ. ಅವನೂ ಸುಸ್ತಾಗಿದ್ದ. ಯಂತ್ರ ಶನಿವಾರ ಉಮರೇಡ್ ರಸ್ತೆಯಲ್ಲಿ ಕೆಲಸ ಶುರು ಮಾಡಬೇಕಿತ್ತು. ಒಂದು ಸಲ ಹೋದರೆ ದೀಪಾವಳಿಯ ಮುಂಚೆ ಈ ಕಡೆ ತಿರುಗುವುದಿಲ್ಲ.

"ಸರಿ. ತಿರಸ್ಕಾರ ಅಂತ ಬರಿ. ಆದರೆ ಅದರ ಪಕ್ಕದಲ್ಲಿ ಕಾರಣ ಅಂತ ಒಂದು ಕಾಲಂ ಇದೆ. ದಾರ ಸಡಿಲ ಅಂತ ಬರೆದರೆ ಹೆಡ್ ಆಫೀಸಿನವರು ದಾರ ಯಾರದ್ದು ಅಂತ ಕೇಳ್ತಾರೆ. ಹೊನ್ನಪ್ಪ ಸೋಮವಾರ ಗುಳೇದಗುಡ್ಡದ ಬಸ್ಸು ಹತ್ತುತ್ತಾನೆ. ಅದಕ್ಕೆ ತಯಾರಿದ್ದೀಯಾ?"

"ಹೊನ್ನಪ್ಪಣ್ಣ ಮಾಡಿದ್ದೇನೂ ಇಲ್ಲ."

"ಹಾಗಾದರೆ ಯಾರು, ಸೂರ್ಯನಾ? ಅವನ ಮೇಲೆ ನೋಟಿಸು ಕೊಡ್ತೀಯಾ?"

ಅವಳು ಪೆನ್ನು ತೆಗೆದಳು. ಕಾರಣದ ಕಾಲಮಿನಲ್ಲಿ ನಿಧಾನವಾಗಿ ಬರೆದಳು: ದಾರವನ್ನು ಬೆಳಿಗ್ಗೆ ಆರಕ್ಕೆ ಪರೀಕ್ಷಿಸಿದ ನಂತರ ಯಂತ್ರ ಹೊರಡುವ ಮುಂಚೆ ಮತ್ತೆ ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕಾದವಳು ನಾನು. ಕೆಳಗೆ ಹೆಸರು, ತಾರೀಖು.

ಬೋಪಣ್ಣ ಓದಿ ಮೀಸೆಯ ತುದಿ ಕಚ್ಚಿದ. "ಉಮರೇಡ್ ಕೆಲಸಕ್ಕೆ ನಿನ್ನನ್ನೇ ಹಿರಿಯ ಇಂಜಿನಿಯರ್ ಮಾಡಬೇಕು ಅಂತ ನಾನು ಬರೆದಿದ್ದೆ. ಈ ಕಾಗದ ಹೋದ ಮೇಲೆ ಅದಾಗಲ್ಲ. ಲ್ಯಾಬಿನಲ್ಲಿ ಎಷ್ಟು ಗಟ್ಟಿ ಅಂತ ನೋಡೋಕೆ ಕಾಂಕ್ರೀಟಿನ ಕ್ಯೂಬು ಒಡೀತಾ ಕೂತಿರಬೇಕಾಗುತ್ತೆ."

"ಲ್ಯಾಬಿನಲ್ಲಿ ಫ್ಯಾನ್ ಇದೆ ಸಾರ್" ಅಂದಳು ವೇದವತಿ.

ಬೋಪಣ್ಣನಿಗೆ ನಗು ಬಂತು, ತಡೆದುಕೊಂಡ. "ಶುಕ್ರವಾರ ಬೆಳಿಗ್ಗೆ ಯಂತ್ರ ಕೊಡ್ತೀನಿ. ಹತ್ತು ಗಂಟೆಗೆ ಅದನ್ನ ಒಯ್ಯೋ ಟ್ರೇಲರ್ ಬರುತ್ತೆ, ಅಷ್ಟರೊಳಗೆ ಮುಗಿದರೆ ಮುಗೀತು. ಇಲ್ಲಾಂದರೆ ನಿನ್ನ ಗೌರಮ್ಮನಿಗೆ ನೀನೇ ಹೇಳಿಕೋ."

ಗುರುವಾರ ಇಡೀ ದಿನ ಒಡೆಯುವುದೇ ಆಯಿತು. ಕಟ್ಟುವಾಗ ಇಪ್ಪತ್ತು ನಿಮಿಷ ಹಿಡಿದದ್ದನ್ನು ಕೀಳಲು ಎರಡು ಬ್ರೇಕರು, ಆರು ಜನ, ಹನ್ನೊಂದು ತಾಸು ಬೇಕಾಯಿತು. ಧೂಳು ಗೌರಮ್ಮ ಒಣಹಾಕಿದ್ದ ಹಪ್ಪಳದ ಮೇಲೆಲ್ಲ ಕೂತಿತು. ನೆರೆಮನೆಯ ಮರಾಠಿ ಹೆಂಗಸರು ಬಾಗಿಲಿಗೆ ಬಂದು, ಇಷ್ಟು ಚೆಂದದ ಗಟಾರ ಯಾಕೆ ಒಡೀತೀರಿ, ಸರ್ಕಾರಕ್ಕೆ ತಲೆ ಕೆಟ್ಟಿದೆಯಾ ಅಂತ ಬೈದರು. ಗೌರಮ್ಮ ಎಲ್ಲರಿಗೂ ಮರಾಠಿಯಲ್ಲೇ ಉತ್ತರ ಕೊಟ್ಟು, ವೇದವತಿಯ ಕಡೆ ತಿರುಗಿ, "ಒಡ್ಯಾಕೂ ಒಂದು ಛಾತಿ ಬೇಕ ತಂಗಿ. ಹಪ್ಪಳ ಹೋದ್ರ ಹೋಗ್ಲಿ" ಅಂದಳು.

ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಹೊನ್ನಪ್ಪ ಬಂದಿದ್ದ. ಈ ಸಲ ಸರಳು ನಾಲ್ಕು ಮೀಟರಿಗೊಂದು. ಒಂದೊಂದರ ಎತ್ತರವನ್ನೂ ವೇದವತಿ ಲೆವೆಲಿನಲ್ಲಿ ನೋಡಿ ಬರೆದುಕೊಂಡಳು. ದಾರ ಎಳೆದು ಕಟ್ಟಿದ ಮೇಲೆ ಹೊನ್ನಪ್ಪ ಸಹಿಗೆ ಕಾದ.

"ಈಗಲ್ಲ. ಯಂತ್ರ ಹೊರಡುವಾಗ" ಅಂದಳು. ಬೋರ್ಡನ್ನು ಕಿತ್ತು ಜೀಪಿನ ಹಿಂದೆ ಎಸೆದಳು.

ಆರೂ ಮುಕ್ಕಾಲಿಗೆ ಮೊದಲ ಲಾರಿ ಬಂತು. ಹದ ನೋಡಲು ಕಾಂಕ್ರೀಟನ್ನು ಲೋಹದ ಕೊಳವೆಗೆ ತುಂಬಿ, ಕೊಳವೆ ಎತ್ತಿ ನೋಡಿದರೆ ಗುಡ್ಡೆ ನಿಲ್ಲದೆ ಮೆತ್ತಗೆ ಕೂತುಬಿಟ್ಟಿತು. ಡ್ರೈವರು ದಾರಿಯಲ್ಲಿ ಗಟ್ಟಿಯಾದೀತು ಅಂತ ಹೆದರಿ ನೀರು ಬೆರೆಸಿದ್ದ. ಇಂಥ ಸಡಿಲ ಕಾಂಕ್ರೀಟು ಅಚ್ಚಿನಿಂದ ಹೊರಬಂದ ಮೇಲೆ ನೆಟ್ಟಗೆ ನಿಲ್ಲದು, ಕರ್ಬು ಹೊಟ್ಟೆ ಬಿಡುತ್ತದೆ. ವೇದವತಿ ಲಾರಿ ವಾಪಸು ಕಳಿಸಿದಳು.

"ಹತ್ತಕ್ಕೆ ಟ್ರೇಲರ್" ಅಂದ ಬೋಪಣ್ಣ.

"ಗೊತ್ತು ಸಾರ್."

ಇನ್ನೊಂದು ಲಾರಿ ಬರುವವರೆಗೆ ಮಾಡಲು ಏನೂ ಇರಲಿಲ್ಲ. ಬಿಸಿಲು ಏರಿತು. ಎಲ್ಲರೂ ಬೇವಿನ ನೆರಳಿಗೆ ಸರಿದರು. ವೇದವತಿಯ ರೆಪ್ಪೆಗಳು ತಾವಾಗಿಯೇ ಮುಚ್ಚುತ್ತಿದ್ದವು. ಕೂತರೆ ನಿದ್ದೆ ಬರುತ್ತದೆ ಅಂತ ಅವಳು ಬಿಸಿಲಲ್ಲೇ ನಿಂತಳು, ನಿಂತರೂ ಬಂತು, ಆಮೇಲೆ ದಾರದ ಉದ್ದಕ್ಕೂ ಅತ್ತಿಂದಿತ್ತ ನಡೆಯತೊಡಗಿದಳು. ಗೌರಮ್ಮ ಬೆಲ್ಲದ ಚಹಾ ಕಳಿಸಿದಳು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಎರಡನೆಯ ಲಾರಿ ಬಂತು. ಕೊಳವೆ ಎತ್ತಿದಾಗ ಕಾಂಕ್ರೀಟು ಹಠಮಾರಿ ಮಗುವಿನ ಹಾಗೆ ನಿಂತಲ್ಲೇ ನಿಂತಿತು.

ಹೊನ್ನಪ್ಪ ದಾರ ಮೀಟಿ ಕಿವಿಗೊಟ್ಟ. ಒಮ್ಮೆ, ಇನ್ನೊಮ್ಮೆ. ನಂತರ ಎಲ್ಲರಿಗೂ ಕೇಳುವ ಹಾಗೆ, ಬೇಕಾದ್ದಕ್ಕಿಂತ ಜೋರಾಗಿ ಕೂಗಿದ: "ಮೇಡಂ, ದಾರ ಸಡ್ಲ ಆಗೇತ್ರೀ!"

"ಬಿಗಿ ಮಾಡಿ ಹೊನ್ನಪ್ಪಣ್ಣ."

ಬಿಗಿ ಮಾಡಿದ. ಅವಳು ನಲವತ್ತು ಮೀಟರ್ ನಡೆದು, ಎರಡೆರಡು ಸರಳಿನ ನಡುವೆ ಕಣ್ಣು ದಾರದ ಮಟ್ಟಕ್ಕೆ ತಂದು ನೋಡಿದಳು. ಹತ್ತು ಸಲ ಮಂಡಿ ಊರಿದಳು. ಎದ್ದು ಸಹಿ ಮಾಡಿ ಕೈಯೆತ್ತಿದಳು. ಯಂತ್ರ ಗುರುಗುಟ್ಟಿ ಹೊರಟಿತು. ಇಪ್ಪತ್ತೆರಡು ನಿಮಿಷದಲ್ಲಿ ನಲವತ್ತು ಮೀಟರ್ ಮುಗಿಸಿತು. ಎರಡು ತುದಿಗಳಲ್ಲಿ ಹಳೆಯದಕ್ಕೆ ಹೊಸದನ್ನು ಕೂಡಿಸುವುದು ಮಾತ್ರ ಕೈಕೆಲಸ, ಅದನ್ನು ಮೇಸ್ತ್ರಿಗಳು ಕರಣೆ ಹಿಡಿದು ಮಾಡಿದರು. ಹತ್ತು ಗಂಟೆ ಹೊಡೆದಾಗ ಟ್ರೇಲರು ಬಂದು ನಿಂತಿತ್ತು, ಯಂತ್ರ ಮೈ ತೊಳೆಸಿಕೊಳ್ಳುತ್ತಿತ್ತು.

ಅವತ್ತೇ ಮಧ್ಯಾಹ್ನ ಗರಗಸದಿಂದ ಸಂದುಗಳನ್ನು ಕೊಯ್ದರು. ಹಾಗೆ ಕೊಯ್ಯದಿದ್ದರೆ ಕಾಂಕ್ರೀಟು ತನಗೆ ಬೇಕಾದಲ್ಲಿ ತಾನೇ ಸೀಳಿಕೊಳ್ಳುತ್ತದೆ. ಮೇಲೆ ಗೋಣಿತಾಟು ಹಾಸಿದರು. ಶನಿವಾರ ಎಲ್ಲರೂ ಉಮರೇಡಿಗೆ ಹೋದರು, ಹೊನ್ನಪ್ಪನೂ ಹೋದ. ವೇದವತಿ ಲ್ಯಾಬಿಗೆ ಹೋದಳು. ಅಲ್ಲಿ ಫ್ಯಾನ್ ಇತ್ತು, ಕೆಟ್ಟಿತ್ತು. ಹಸಿ ಕಾಂಕ್ರೀಟಿಗೆ ಏಳು ದಿನ ನೀರುಣಿಸಲು ಆಳಿಲ್ಲದ್ದರಿಂದ ಗೌರಮ್ಮನೇ ದಿನಕ್ಕೆ ಮೂರು ಸಲ ಗೋಣಿಗೆ ನೀರು ಹಾಕಿದಳು, ಹಾಕಿದಾಗಲೆಲ್ಲ ಫೋನು ಮಾಡಿ ಹೇಳಿದಳು. "ಬಾಣಂತಿ ಆರೈಕಿ ಆಗೇತಿ ಇದರದು" ಅಂತ ನಗುತ್ತಿದ್ದಳು.

ಜೂನ್ ಎಂಟನೇ ತಾರೀಖು ಭಾನುವಾರ. ಮೋಡ ಕಟ್ಟಿತ್ತು, ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ ಎಲ್ಲಿಂದಲೋ ಬರುತ್ತಿತ್ತು. ವೇದವತಿ ರಜೆಯ ದಿನ ಬಸ್ಸು ಹಿಡಿದು ಬಂದಳು. ಬೋಪಣ್ಣ ಹೇಳಿಟ್ಟಿದ್ದ ನೀರಿನ ಟ್ಯಾಂಕರು ಒಂದೂವರೆ ತಾಸು ತಡವಾಗಿ ಬಂತು. ಗೌರಮ್ಮ ಗೋಣಿತಾಟು ಸುತ್ತಿ ತೆಗೆದಳು. ಯಲ್ಲಪ್ಪ ಗೇಟಿನೊಳಗೆ ತನ್ನ ಕುರ್ಚಿಯಲ್ಲಿದ್ದ, ಊರುಗೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ.

ಮೇಲ್ತುದಿಯಲ್ಲಿ ಪೈಪು ಬಿಟ್ಟರು. ನೀರು ಧೂಳು, ಎಲೆ, ಬೀಡಿಯ ತುಂಡು ಎಲ್ಲವನ್ನೂ ಎದುರಿಗೆ ದಬ್ಬಿಕೊಂಡು ಬಂತು, ಗೇಟಿನ ಮುಂದೆ ಹಾಯಿತು, ಕೆಳಗಿನ ಜಾಲರಿಯೊಳಗೆ ಸದ್ದು ಮಾಡಿ ಬಿದ್ದಿತು. ಐದು ನಿಮಿಷ ಹಾಗೇ ಹರಿಸಿ ಪೈಪು ಮುಚ್ಚಿದರು. ನೋಡಬೇಕಾದ್ದು ಈಗ ಶುರುವಾಗುವುದು. ಹರಿಯುವ ನೀರು ಎಲ್ಲರಿಗೂ ಒಳ್ಳೆಯದೇ ಹೇಳುತ್ತದೆ.

ನೀರು ಇಳಿಯಿತು. ಅಗಲವಾಗಿದ್ದದ್ದು ಗೇಣಾಯಿತು, ಗೇಣಿದ್ದದ್ದು ಬೆರಳಾಯಿತು, ಕೊನೆಗೊಂದು ನೂಲಿನಷ್ಟು ಹೊಳಪು ಗೇಟಿನ ಮುಂದಿನಿಂದ ಜಾರಿ ಕೆಳಗೆ ಹೋಯಿತು. ವೇದವತಿ ಪಟ್ಟಿ ತಂದಿರಲಿಲ್ಲ. ಗೌರಮ್ಮ ಕೂತು, ನಲವತ್ತು ಮೀಟರಿನಲ್ಲಿ ತನಗೆ ಬೇಕಾದ ಐದು ಮೀಟರಿನುದ್ದಕ್ಕೂ ಅಂಗೈ ಎಳೆದಳು, ಕೈ ತಿರುವಿ ನೋಡಿದಳು. ತೇವ ಇತ್ತು, ನೀರಿರಲಿಲ್ಲ.

"ಹೋತೇನ?" ಅಂತ ಯಲ್ಲಪ್ಪ ಒಳಗಿನಿಂದ ಕೇಳಿದ.

"ಎಲ್ಲಾ ಹೋತು" ಅಂದಳು ಗೌರಮ್ಮ. "ಬರ್ರಿ, ನೋಡ ಬರ್ರಿ."

ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ಗೇಟಿನ ಚಿಲಕ ತೆಗೆದ ಸದ್ದಾಯಿತು. ಅವನು ತುಂಬ ಹೊತ್ತು ಅಂಚಿನಲ್ಲಿ ನಿಂತ, ಆಮೇಲೆ ಗಟಾರದೊಳಗೆ ಒಂದು ಕಾಲಿಟ್ಟ, ಭಾರ ಬಿಟ್ಟು ನೋಡಿದ, ಇನ್ನೊಂದು ಕಾಲು ಆಚೆಗೆ ರಸ್ತೆಯ ಮೇಲಿಟ್ಟ.